ರಾಮಮೂರ್ತಿ ನಗರದಿಂದ ಹಲಸೂರಿಗೆ, ಪೆಟ್ರೋಲ್ ವಾಸನೆಯ ಜೊತೆ

ಬೆಳಿಗ್ಗೆ ಏಳಕ್ಕೆ ರಾಮಮೂರ್ತಿ ನಗರ ಬಿಟ್ಟೆ. ತೊಂಬತ್ತರ ದಶಕದ ಕೊನೆಯ ಮಾತು. ಹೋಗಬೇಕಾದದ್ದು ಹನ್ನೆರಡು ಕಿಲೋಮೀಟರ್ ಅಷ್ಟೇ, ಆದರೆ ಮೊದಲು ಶಿವಾಜಿನಗರದಲ್ಲಿ ಕಾರು ರಿಪೇರಿ ಮಾಡಿಸಬೇಕಿತ್ತು. ಮಧ್ಯಾಹ್ನ ಒಂದಕ್ಕೆ ಹಲಸೂರಿನ ಆಸ್ಪತ್ರೆಯಿಂದ ಹೆಂಡತಿ ಸುಧಾಳನ್ನೂ ಐದು ದಿನದ ಮಗನನ್ನೂ ಮನೆಗೆ ಕರೆತರಬೇಕಿತ್ತು. ನನ್ನ ಹದಿನಾಲ್ಕು ವರ್ಷದ ಕಾರಿನೊಳಗೋ ಪೆಟ್ರೋಲ್ ವಾಸನೆ ಮೂಗಿಗೆ ರಾಚುತ್ತಿತ್ತು. ಹೊಲಿಗೆ ಹಾಕಿಸಿಕೊಂಡವಳನ್ನು ಆ ಗುಂಡಿಗಳ ರಸ್ತೆಯಲ್ಲಿ ಆಟೋ ಹತ್ತಿಸಲು ಮನಸ್ಸು ಬರಲಿಲ್ಲ.

ಟಿನ್ ಫ್ಯಾಕ್ಟರಿ ಹತ್ತಿರ ಇಪ್ಪತ್ತು ನಿಮಿಷ ನಿಂತೆ. ಪಕ್ಕದ ಲಾರಿಯವನು ಬೀಡಿ ಹಚ್ಚಿದ್ದು ಕಂಡು ಗಾಜು ಏರಿಸಿದೆ. ಒಳಗೆ ವಾಸನೆ ತುಂಬಿ ತಲೆ ತಿರುಗಿತು, ಮತ್ತೆ ಇಳಿಸಿದೆ. ಇಂದಿರಾನಗರದಲ್ಲಿ ಎರಡು ಇಡ್ಲಿ ತೆಗೆದುಕೊಂಡೆ, ಒಂದನ್ನು ಹಾಗೇ ಬಿಟ್ಟು ಎದ್ದೆ.

ಶಿವಾಜಿನಗರದ ಮೆಕ್ಯಾನಿಕ್ ರಫೀಕ್ ಭಾಯ್ ಬಾಗಿಲು ತೆಗೆದು ಮೂಸಿದರು. "ಟ್ಯಾಂಕ್ ಫುಲ್ ಇದ್ದಾಗ ಜಾಸ್ತಿ ಬರ್ತದಾ ಸಾರ್?"

ಹೌದು ಅಂದೆ. ಕಾರಿನಡಿ ನುಗ್ಗಿ, ಪೆಟ್ರೋಲ್ ತುಂಬುವ ರಬ್ಬರ್ ಪೈಪಿನ ಬಿರುಕಿಗೆ ಮೆತ್ತಿದ್ದ ಸೋಪನ್ನು ಉಗುರಿನಿಂದ ಕೆರೆದು ತೋರಿಸಿದರು. ಮೆತ್ತಿದವನು ನಾನೇ.

"ಸೋಪಲ್ಲಿ ಬಟ್ಟೆ ಒಗೀರಿ ಸಾರ್, ಪೈಪ್ ರಿಪೇರಿ ಮಾಡ್ಬೇಡಿ!"

ಪೆಟ್ರೋಲ್ ಇಳಿಸುವಾಗ ಕ್ಯಾನ್ ಹಿಡಿದ ನನ್ನ ಶರ್ಟು ಅರ್ಧ ಒದ್ದೆಯಾಯಿತು. ಹೊಸ ಪೈಪು, ಎರಡು ಕ್ಲಿಪ್ಪು, ನೂರೈವತ್ತು ರೂಪಾಯಿ. ಪೆಟ್ರೋಲ್ ವಾಪಸ್ ಸುರಿದು ಮೂಸಿದರೆ ವಾಸನೆ ಹಾಗೇ ಇತ್ತು. ಹನ್ನೊಂದೂವರೆ ಆಗಿತ್ತು. ನನಗೆ ಅಳುವೇ ಬಂತು.

ಕೊನೆಗೆ ಅವರು ಹಿಂದಿನ ಸೀಟು ಎತ್ತಿದರು. ಕೆಳಗೆ ಟ್ಯಾಂಕಿನ ಮೇಲೆ, ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಗೇಜಿನ ಮುಚ್ಚಳವಿತ್ತು. ಅದರ ಸುತ್ತ ಸೋಪುನೀರು ಹಚ್ಚಿ ಕಾದರು. ಒಂದು ಕಡೆ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. "ಪೆಟ್ರೋಲ್ ಗ್ಯಾಸ್ ಇಲ್ಲಿಂದ ಬರ್ತಾ ಇದೆ. ವಾಷರ್ ಕಲ್ಲಾಗ್ಬಿಟ್ಟಿದೆ." ಸರಿಯಾಗಿ ಸುಧಾ ಕೂರುವ ಜಾಗ ಅದು.

ಹೊಸ ರಬ್ಬರ್ ವಾಷರ್ ಹಾಕಿ ಎದ್ದವರ ಕಣ್ಣು ಡ್ಯಾಶ್‌ಬೋರ್ಡಿನ ಬೂದಿಯ ಮೇಲೆ ಬಿತ್ತು. ವಾಸನೆಗೆ ಬಸುರಿ ಸುಧಾಳಿಗೆ ವಾಂತಿಯಾಗುತ್ತದೆಂದು, ಮೂರು ತಿಂಗಳು ದಿನವೂ ಅಗರಬತ್ತಿ ಹಚ್ಚಿಯೇ ಕಾರು ಓಡಿಸಿದ್ದೆ. ರಫೀಕ್ ಭಾಯ್ ಈ ಸಲ ಬೈಯಲಿಲ್ಲ. "ಮೇಲಿರೋನು ಕಾಪಾಡವ್ನೆ ಸಾರ್" ಅಂದರು. ಅಯ್ಯೋ ಪಾಪಿ, ಎಂಥ ಕೆಲಸ ಮಾಡಿದೆಯೋ ಎಂದು ನನಗೆ ನಾನೇ ಬೈದುಕೊಂಡೆ.

ಮತ್ತೆ ಸೋಪುನೀರು ಹಚ್ಚಿದಾಗ ಗುಳ್ಳೆ ಏಳಲಿಲ್ಲ. ಬಾಗಿಲುಗಳನ್ನು ಬಿಸಿಲಿಗೆ ತೆರೆದಿಟ್ಟು ಕಾದು, ಒಂದೂಕಾಲಿಗೆ ಆಸ್ಪತ್ರೆ ಮುಟ್ಟಿದೆ. ಸುಧಾ ಬಗ್ಗಿ ಸೀಟು ಮೂಸಿ, "ಸದ್ಯ, ಹೋಗಿದೆ" ಅಂದಳು. ನಾನು ಮಗುವಿಗೆ ಕೈ ಚಾಚಿದೆ.

"ಮುಟ್ಬೇಡ್ರಿ! ನೀವೇ ಪೆಟ್ರೋಲ್ ಬಂಕ್ ಥರ ನಾರ್ತಿದೀರ."

ಶರ್ಟನ್ನು ಅಲ್ಲೇ ಬಿಚ್ಚಿ ಕಸದ ಡಬ್ಬಿಗೆ ಹಾಕಿ, ಬನಿಯನ್ನಿನಲ್ಲೇ ಸ್ಟೇರಿಂಗ್ ಹಿಡಿದೆ. ಗಾಜು ಇಳಿಸಿ, ಹಳೆ ಮದ್ರಾಸ್ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಬಂದೆ. ಬೈಯಪ್ಪನಹಳ್ಳಿ ಹತ್ತಿರ ಮಗು ಅಳು ನಿಲ್ಲಿಸಿತು.

"ಉಸಿರಾಡ್ತಿದಾನಾ?"

"ಹೂಂ, ಮಲಗಿದಾನೆ."

ಟಿನ್ ಫ್ಯಾಕ್ಟರಿಯಲ್ಲಿ ಮತ್ತೆ ಕೇಳಿದೆ.

"ಅವನು ಉಸಿರಾಡ್ತಿದಾನೆ ರೀ. ಮೊದ್ಲು ನೀವು ಉಸಿರು ಬಿಡಿ!" ಎಂದು ನಕ್ಕಳು.

ಆ ನಗು ಕೇಳಿ ತಡೆಯಲಾಗಲಿಲ್ಲ, ಅಗರಬತ್ತಿ ಉರಿಯುತ್ತಿದ್ದಷ್ಟು ದಿನವೂ ಪೆಟ್ರೋಲ್ ಗ್ಯಾಸ್ ಅವಳ ಸೀಟಿನಡಿಯಿಂದಲೇ ಬರುತ್ತಿತ್ತೆಂದು ಹೇಳಿಬಿಟ್ಟೆ. ಸುಧಾಳ ನಗು ನಿಂತಿತು. ಕನ್ನಡಿಯಲ್ಲಿ ನೋಡಿದೆ. ಮಗುವನ್ನು ಎದೆಗೆ ಒತ್ತಿಕೊಂಡು, ನನ್ನನ್ನೇ ನೋಡುತ್ತಿದ್ದಳು.