ಮಗಳ ಚಪ್ಪಟೆ ತಲೆ, ನನ್ನ ಸುಳ್ಳು

ಗೆಳತಿಯರೇ, ಇವತ್ತು ಜತ್ತದ ದವಾಖಾನೆಯಲ್ಲಿ ಒಂದು ಸುಳ್ಳು ಹೇಳಿ ಬಂದೆ. ನಾಲ್ಕು ತಿಂಗಳ ಮಗಳಿಗೆ ಲಸಿಕೆಯ ಡೋಸ್ ಹಾಕಿಸಲು ಅತ್ತೆಯೊಂದಿಗೆ ಹೋಗಿದ್ದೆ. ಸಿಸ್ಟರ್ ಕೂಸಿನ ತಲೆಯ ಹಿಂಭಾಗ ಸವರಿ ನೋಡಿದರು.

"ಬಲಕ್ಕ ಚಪ್ಪಟಿ ಆಗೇತ್ರಿ. ಮಲಗಿಸೂಮುಂದ ಅಂಗಾತನ ಮಲಗಸ್ರಿ. ಆದ್ರ ಎಚ್ಚರ ಇದ್ದಾಗ ಎದುರಿಗೆ ಕುಂತು ಬೋರಲ ಹಾಕಬೇಕ್ರಿ. ಹಾಕೂದಿಲ್ಲೇನು?"

ಅತ್ತೆ ಹಾಕುತ್ತಿದ್ದರು. ಕೂಸು ಆಡುವಾಗ ಕೌದಿಯ ಮೇಲೆ ಬೋರಲು ಹಾಕಿ, ಎದುರಿಗೆ ತಾವೂ ಬಾಗಿ ಬಳೆ ಸದ್ದು ಮಾಡುತ್ತಿದ್ದರು. ಹೋದ ತಿಂಗಳು ನಾನೇ ಓಡಿಹೋಗಿ ಕೂಸನ್ನು ಕಸಿದುಕೊಂಡು, ನೆರೆಯವರ ಮುಂದೆಯೇ, "ನಿಮಗೇನೂ ತಿಳಿಯೂದಿಲ್ಲತ್ತಿ, ಬೋರಲ ಹಾಕಬಾರದು" ಎಂದು ಬೈದಿದ್ದೆ. ಅಂದಿನಿಂದ ಅವರು ನನ್ನನ್ನು ಕೇಳದೆ ಕೂಸನ್ನು ಮುಟ್ಟಿಲ್ಲ.

ಇಷ್ಟೆಲ್ಲ ನೆನಪಿದ್ದೂ ನನ್ನ ಬಾಯಿಂದ ಬಂದ ಮಾತು, "ನಮ್ಮತ್ತಿ ಬ್ಯಾಡ ಅಂತಾರ್ರಿ."

ಸಿಸ್ಟರ್ ಅತ್ತೆಯ ಕಡೆ ತಿರುಗಿ, "ಏನಜ್ಜಿ, ಹಳೀ ಮಾತ ಬಿಡ್ರಿ ಇನ್ನ" ಎಂದು ಗದರಿದರು. ಅತ್ತೆ ನನ್ನನ್ನೊಮ್ಮೆ ನೋಡಿ, "ತಪ್ಪಾತ್ರಿ, ಇನ್ನ ಹಾಕ್ತೀವ್ರಿ" ಎಂದರು. ನಾನು ಕೂಸಿನ ಕುಲಾವಿಯ ದಾರ ಕಟ್ಟುತ್ತಾ ತಲೆ ತಗ್ಗಿಸಿ ನಿಂತೆ.

ನಮ್ಮೂರು ಸೋನ್ಯಾಳಕ್ಕೆ ಬರುವ ಬಸ್ಸಿನಲ್ಲಿ, "ಅತ್ತಿ..." ಎಂದೆ. ಅವರು, "ಬಿಡವಾ, ಕೂಸಿನ ತಲಿ ಸರಿ ಹೋದ್ರ ಸಾಕು" ಎಂದರು. ಮನೆಗೆ ಬಂದವರೇ ಕೌದಿ ಹಾಸಿ, "ಈಗ ಹಾಕ್ಲೇನವಾ?" ಎಂದು ನನ್ನನ್ನೇ ಕೇಳಿದರು.

ಈ ಗುಂಪಿನಲ್ಲಿ ಬರೆದು ನಿಮ್ಮೆಲ್ಲರೆದುರು ತಪ್ಪು ಒಪ್ಪಿಕೊಂಡಿದ್ದೇನೆ. ಅತ್ತೆಗೆ ಓದಲು ಬರುವುದಿಲ್ಲ, ಅದಕ್ಕೇ ಈ ಧೈರ್ಯ.