ಅವ್ವ ಹೂಂ ಅಂದದ್ದು

ನನ್ನ ಬಳಿ ಹದಿನಾರು ದಿನಚರಿ ಪುಸ್ತಕಗಳಿವೆ. ಅವ್ವ ನಮ್ಮ ಮನೆ ಬಿಟ್ಟು ಹೋದ ದಿನವನ್ನು ಅವುಗಳಲ್ಲಿ ಮೂರು ಕಡೆ ಬರೆದಿದ್ದೇನೆ. ಒಂದರಲ್ಲಿ ಅವಳು ಹಸಿರು ಸೀರೆ ಉಟ್ಟಿದ್ದಾಳೆ, ಇನ್ನೊಂದರಲ್ಲಿ ಕೆಂಪು. ಮೂರನೆಯದರಲ್ಲಿ ಸೀರೆಯ ಮಾತೇ ಇಲ್ಲ; ಎತ್ತಿನ ಚಕ್ಕಡಿಯ ಹಿಂದೆ ನಾನು ಊರಿನ ಅಗಸಿ ಬಾಗಿಲವರೆಗೆ ಅಳುತ್ತ ಓಡಿದೆ ಎಂದಿದೆ. ಓಡಿದ್ದು ಖಂಡಿತ ಸುಳ್ಳು. ಅಂಥ ದಿನ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ಯಾವುದೋ ಕತೆ ಓದಿ, ಅದರೊಳಗಿನ ಮಗುವಿನ ಓಟವನ್ನು ನನ್ನದೆಂದು ಬರೆದುಕೊಂಡಿರಬೇಕು.

ಆದದ್ದು ಇಷ್ಟು. ನಮ್ಮದು ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರದ ಮನೆ. ನನಗೆ ಐದು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಏಳು ತುಂಬಿದಾಗ ಅವ್ವ ಉಡಿಕಿ ಮಾಡಿಕೊಂಡು ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಹೋದಳು. ಗಂಡ ಸತ್ತ ಹೆಣ್ಣುಮಗಳು ಮತ್ತೊಬ್ಬನ ಮನೆ ಸೇರುವುದಕ್ಕೆ ನಮ್ಮ ಕಡೆ ಉಡಿಕಿ ಎನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ವಾಲಗವಿಲ್ಲ, ಮುತ್ತೈದೆಯರು ಆ ಕಡೆ ಹಾಯುವುದಿಲ್ಲ. ಸೀರೆ ಉಡಿಸಿ ಬಳೆ ತೊಡಿಸಿದರೆ ಮುಗಿಯಿತು. ಆದರೆ ಅದಕ್ಕೂ ಮೊದಲು ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಹೋಗುವವಳು ಸತ್ತ ಗಂಡನ ಮನೆಯ ಹಿರಿಯನೆದುರು ಕಂಬಳಿಯ ಮೇಲೆ ಆ ಮನೆಯ ಒಡವೆಗಳನ್ನೆಲ್ಲ ತೆಗೆದಿಡಬೇಕು. ಮಕ್ಕಳೂ ಆ ಮನೆಯವೇ, ಅವು ಅಲ್ಲಿಯೇ ಉಳಿಯುತ್ತವೆ. ಆಮೇಲೆ ಹಿರಿಯ ಮೂರು ಸಲ ಕೇಳುತ್ತಾನೆ, ನಿನ್ನ ಮನಸ್ಸಿನಿಂದಲೇ ಹೋಗುತ್ತೀಯೇನು ಎಂದು. ಮೂರು ಸಲವೂ ಅವಳು ಬಾಯಿಬಿಟ್ಟು ಹೂಂ ಅನ್ನಬೇಕು. ಕೇಳಿದವನು ನನ್ನ ಅಜ್ಜ. ಅವ್ವ ಏನೆಂದಳು ಎಂಬುದೊಂದನ್ನು ಅವಳನ್ನೇ ಕೇಳಲು ನನಗೆ ಹತ್ತಿರ ಹತ್ತಿರ ಮೂವತ್ತು ವರ್ಷ ಬೇಕಾಯಿತು.

ಕೇಳುವ ಜರೂರಿ ಬಹಳ ದಿನ ಬೀಳಲಿಲ್ಲ. ಉತ್ತರ ನನ್ನ ಬಳಿ ಮೊದಲೇ ಇತ್ತು. ಅದನ್ನು ಕೊಟ್ಟವಳು ಅತ್ತಿ, ಅಂದರೆ ಅಪ್ಪನ ಅಕ್ಕ. ಅವಳೂ ಗಂಡನನ್ನು ಕಳೆದುಕೊಂಡು ಒಬ್ಬ ಮಗನೊಡನೆ ತವರಿಗೆ ಬಂದವಳು. ಅವಳಿಗೂ ಉಡಿಕಿಗೆ ಕೇಳಿ ಬಂದಿದ್ದರಂತೆ. ಮಗನ ಮುಖ ನೋಡಿ ಒಲ್ಲೆ ಅಂದಳಂತೆ. ಅವ್ವ ಹೋದ ಮೇಲೆ ನನಗೆ ತಲೆ ಬಾಚಿದ್ದು, ರೊಟ್ಟಿ ಮುರಿದು ಹಾಲಲ್ಲಿ ಕಲಸಿ ಕೊಟ್ಟದ್ದು ಎಲ್ಲ ಅವಳೇ. ನಾನು ಅತ್ತಾಗಲೆಲ್ಲ ಹೇಳುತ್ತಿದ್ದಳು:

"ನಿಮ್ಮವ್ವರ ಏನ್ ಮಾಡ್ತಾಳ, ಪಾಪ. ಆಕಿ ಅಣ್ಣಗೋಳು ಜುಲಮೀಲೆ ಚಕ್ಕಡ್ಯಾಗ ಕುಂದ್ರಿಸಿದ್ರು. ನಿಮ್ಮಜ್ಜ ಮೂರ ಸಲ ಕೇಳಿದ. ಆಕಿ ಬಾಯಿ ತೆರೀಲೇ ಇಲ್ಲ. ಕಣ್ಣೀರ ನೋಡಿ, ಹೂಂ ಅಂದಾಳ ಅಂತ ಇವರಽ ತಿಳಕೊಂಡ್ರು."

ಆ ಮಾತಿನ ಮೇಲೆ ನಾನು ಅವ್ವನನ್ನು ಪ್ರೀತಿಸಿದೆ. ಬೇರೆ ಯಾವ ಆಧಾರವೂ ನನಗಿರಲಿಲ್ಲ.

ಒಂದೇ ಒಂದು ವಿಷಯ ಅದಕ್ಕೆ ಹೊಂದುತ್ತಿರಲಿಲ್ಲ. ಅವತ್ತು ಅತ್ತಿ ನನ್ನನ್ನು ಹಿತ್ತಲಲ್ಲಿ ಕೂಡಿಸಿಕೊಂಡು ಶೇಂಗಾ ಬೆಲ್ಲ ತಿನ್ನಿಸುತ್ತಿದ್ದಳು. ಒಳಗಿನಿಂದ ಒಂದು ಹೆಣ್ಣುದನಿ, ಬಾವಿಯ ಆಚೆ ದಂಡೆಯವರಿಗೆ ಓಗೊಡುವಂತೆ, "ಹೂಂ ರಿ" ಅಂದಿತು. ಸ್ವಲ್ಪ ತಡೆದು ಮತ್ತೊಮ್ಮೆ. ಇಪ್ಪತ್ತನೆಯ ವಯಸ್ಸಿನಲ್ಲಿ ಇದನ್ನು ದಿನಚರಿಯಲ್ಲಿ ಬರೆದೆ. ಮರುದಿನ ಅದರ ಮೇಲೆ ಸೀಸದಕಡ್ಡಿಯ ಗೆರೆ ಎಳೆದು ಪಕ್ಕದಲ್ಲಿ ಹೀಗೆ ಬರೆದೆ: "ಕೇಳಿದ್ದು ಎರಡು ಸಲ. ಕಟ್ಟಳೆ ಮೂರು ಸಲದ್ದು. ಆದ್ದರಿಂದ ಇದು ಕಲ್ಪನೆ." ತರ್ಕಶಾಸ್ತ್ರದ ಪರೀಕ್ಷೆಗೆ ಓದುತ್ತಿದ್ದ ಕಾಲ ಅದು. ಚಕ್ಕಡಿಯ ಹಿಂದೆ ಓಡಿದ್ದನ್ನು ಮಾತ್ರ ಹಾಗೆಯೇ ಬಿಟ್ಟಿದ್ದೆ.

ವರ್ಷಕ್ಕೊಮ್ಮೆ ಅಜ್ಜ ನನ್ನನ್ನು ಬೆಲ್ಲದ ಚಕ್ಕಡಿಗಳ ಜೊತೆ ಘೋಡಗೇರಿಗೆ ಕಳಿಸುತ್ತಿದ್ದ. ಎರಡು ದಿನ ಇರುತ್ತಿದ್ದೆ. ಅಲ್ಲಿ ನಾನು ಬೀಗರ ಮಗುವಿನಂತೆ; ಒಂದು ಚರಿಗೆ ನೀರು ಎತ್ತಿಡಲೂ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಅವ್ವ ಜೋರಾಗಿ ನಗುತ್ತಿದ್ದಳು. ಆ ನಗು ನನಗೆ ಸೇರುತ್ತಿರಲಿಲ್ಲ. ನೂಕಿಸಿಕೊಂಡು ಬಂದವಳು ಹೀಗೆ ನಗಬಹುದೇ? ಪಾಪ, ದುಃಖ ಮುಚ್ಚಿಕೊಳ್ಳುತ್ತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡು ಮಲಗುತ್ತಿದ್ದೆ.

ಹದಿನೆಂಟಕ್ಕೆ ಬೆಳಗಾವಿಯಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಮ್ಯಾಟ್ರಿಕ್ ಮುಗಿಸಿ ಮೂಡಲಗಿಗೆ ಮರಳಿದೆ. ಅಷ್ಟು ಹೊತ್ತಿಗೆ ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಬೆಲ್ಲದ ಬಾಗೇವಾಡಿಯಿಂದ, ಸಾಂಗಲಿಯಿಂದ ಬರುವ ಪತ್ರಗಳನ್ನು ನಾನೇ ಓದಿ ಹೇಳುತ್ತಿದ್ದೆ. ಬೇರೆ ಯಾರು ಓದಿದರೂ ಅವನಿಗೆ ನಂಬಿಕೆಯಿಲ್ಲ. ಆ ಬೇಸಿಗೆಯಲ್ಲೇ ಅತ್ತಿ ತನ್ನ ಮಗನಿಗೆ ನನ್ನನ್ನು ಕೇಳಿದಳು. ಕೇಳುವುದೇನು, ನಾನು ತೊಟ್ಟಿಲಲ್ಲಿದ್ದಾಗಲೇ ಆಡಿಟ್ಟ ಮಾತು. ಹುಡುಗ ಒಳ್ಳೆಯವನು. ನನಗೆ ಕಾಲೇಜಿಗೆ ಹೋಗಬೇಕಿತ್ತು.

ಅವ್ವ ನನ್ನ ಪರವಾಗಿ ಒಂದು ಮಾತು ಹೇಳಿ ಕಳಿಸಲಿ ಎಂದು ಘೋಡಗೇರಿಗೆ ಹೋದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನನ್ನ ಮಾತ ಆ ಮನ್ಯಾಗ ಈಗ ನಡ್ಯಾಂಗಿಲ್ಲ. ನಿನ್ನ ಮಾತ ನೀನಽ ಆಡು. ನಿಮ್ಮಜ್ಜ ಕೇಳಿದ್ರ ಸೆರಗ ಬಾಯಾಗ ಇಟ್ಕೊಂಡು ನಿಂದ್ರಬ್ಯಾಡ. ಅವರಿಗೆ ಕೇಳುವಂಗ ಹೇಳು."

ಎರಡನೆಯ ಸಲ ಕೈಬಿಟ್ಟಳು ಎಂದುಕೊಂಡೆ. ಸಿಟ್ಟಿನಲ್ಲಿ ಊಟವನ್ನೂ ಮಾಡದೆ ಹೊರಟುಬಂದೆ. ಆದರೆ ಅಜ್ಜನೆದುರು ನಿಂತಾಗ ಅವನಿಗೆ ಕೇಳುವಂತೆಯೇ ಹೇಳಿದೆ.

"ಒಲ್ಲೆ ಅಜ್ಜಾ."

"ಮತ್ತೇನ್ ಮಾಡಾಕಿ?"

"ಧಾರವಾಡಕ್ಕ ಕಲಿಯಾಕ ಹೋಗಾಕಿ."

"ಕಲತು?"

"ಗೊತ್ತಿಲ್ಲ."

ಅಜ್ಜ ನಕ್ಕ. "ಗೊತ್ತಿಲ್ಲ ಅನ್ನಾಕ ಧಾರವಾಡ ತನಾ ಯಾಕ ಹೋಗಬೇಕು? ಇಲ್ಲೇ ಕುಂತು ಅನಬಹುದಲ್ಲ." ಆಮೇಲೆ "ಹೋಗು," ಅಂದ.

ಅತ್ತಿ ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆದರೆ ರೊಟ್ಟಿಯ ನಡುವೆ ಬೆಣ್ಣೆ ಇಡುವುದನ್ನು ಒಂದು ದಿನವೂ ಮರೆಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ಅಜ್ಜ ತೀರಿಕೊಂಡ. ಮನೆಗೆ ಹೋದಾಗ ಗೋಡೆಯ ಗೂಡಿನಲ್ಲಿ ಒಂದು ಕಟ್ಟು ಪತ್ರಗಳಿದ್ದವು, ಒಂದನ್ನೂ ಒಡೆದಿರಲಿಲ್ಲ. "ನೀ ಬಂದಮ್ಯಾಲ ಓದಿಸಿದ್ರಾತು ಅಂತ ಇಟ್ಟಿದ್ದ," ಎಂದಳು ಅತ್ತಿ. ದೂರಲಿಲ್ಲ, ಇದ್ದದ್ದನ್ನು ಹೇಳಿದಳು. ಆ ಪತ್ರಗಳನ್ನು ನಾನು ಓದಿದೆನೋ ಇಲ್ಲವೋ ದಿನಚರಿಯಲ್ಲಿಲ್ಲ. ನೆನಪಿನಲ್ಲಿ ಓದಿದ್ದೇನೆ. ನಂಬುವುದು ಕಷ್ಟ.

ಬಿ.ಎ. ಆದ ಮೇಲೆ ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಅಲ್ಲಿಂದ ಘೋಡಗೇರಿ ದೂರವಲ್ಲ. ಆದರೂ ಎರಡೇ ಸಲ ಹೋದೆ. ಕಾರಣ ಕೆಲಸದ ಹೊರೆ ಎಂದು ಬರೆದಿಟ್ಟಿದ್ದೇನೆ. ಆಮೇಲೆ ಗೋಕಾಕಕ್ಕೆ ವರ್ಗವಾಯಿತು. ಅಲ್ಲಿ ಮನೆ ಹುಡುಕುವಾಗ ಮನೆಯೊಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು:

"ಗಂಡಸರು ಯಾರ್ಯಾರ ಅದಾರ್ರಿ ಅಕ್ಕೋರ?"

"ಯಾರೂ ಇಲ್ರಿ."

"ಹಂಗಾದ್ರ ನಮ್ಮ ಮನ್ಯಾವ್ರು ಬಾಡಿಗಿ ಮಾತು ಯಾರ ಕೂಡ ಆಡೂದ್ರಿ?"

"ನನ್ನ ಕೂಡ ಆಡ್ಲಿ."

"ಅಯ್ಯ, ಅವರಿಗೆ ನನ್ನ ಕೂಡ ಮಾತಾಡಾಕ ಬರೂದಿಲ್ಲ, ನಿಮ್ಮ ಕೂಡ ಏನ್ ಮಾತಾಡ್ತಾರ," ಎಂದು ನಕ್ಕು ಕೀಲಿ ಕೊಟ್ಟಳು.

ಹತ್ತು ವರ್ಷದಿಂದ ಅದೇ ಒಂದು ಕೋಣೆ, ಒಂದು ಒಲೆ. ನಾನೇ ಆರಿಸಿಕೊಂಡದ್ದು, ಕೊರಗಲು ನನಗೆ ಹಕ್ಕಿಲ್ಲ ಎಂದು ಎಷ್ಟೋ ಸಲ ಬರೆದಿದ್ದೇನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸೋಮವಾರ ಬೆಳಿಗ್ಗೆಯವರೆಗೆ ಕೆಲವು ಸಲ ಒಂದು ಮಾತೂ ಆಡಿರುವುದಿಲ್ಲ. ಸೋಮವಾರ ಮೊದಲ ತಾಸಿನಲ್ಲಿ ಹಾಜರಿ ಕರೆಯುವಾಗ ಗಂಟಲು ಕಟ್ಟಿರುತ್ತದೆ. ಅಕ್ಕೋರಿಗೆ ನೆಗಡಿ ಎಂದು ಹುಡುಗಿಯರು ಪಿಸುಗುಡುತ್ತಾರೆ.

ಹೋದ ವರ್ಷ ಅವ್ವನ ಗಂಡ ತೀರಿಕೊಂಡ. ಅವರಿಬ್ಬರಿಗೆ ಮಕ್ಕಳಾಗಿರಲಿಲ್ಲ, ಅವನ ಮೊದಲ ಹೆಂಡತಿಯ ಮಗನೊಬ್ಬನಿದ್ದ. ಸುದ್ದಿ ತಿಳಿದ ವಾರದಲ್ಲೇ ಬಡಿಗನಿಗೆ ಹೇಳಿ ಅವ್ವನಿಗೆ ಮಲಗಲು ಒಂದು ಹೊರಸು ಮಾಡಿಸಿದೆ. ಕಿಟಕಿಯ ಪಕ್ಕದಲ್ಲಿ ಹಾಕಿಸಿ, ಅದರ ಮೇಲೆ ಕೌದಿ ಹಾಸಿದೆ. ದುಃಖದ ಸುದ್ದಿ ಅದು, ಆದರೆ ಕೌದಿ ಹಾಸುವಾಗ ನನಗೆ ಸಂತೋಷವಾಗಿತ್ತು. ಇದನ್ನು ಮರೆಮಾಡಬಾರದು. ನೂಕಿಸಿಕೊಂಡು ಹೋದವಳು ಈಗ ತಿರುಗಿ ಬರಬಹುದಲ್ಲ ಎಂದು ಲೆಕ್ಕ ಹಾಕಿದ್ದೆ.

ರಜೆಯಲ್ಲಿ ಹೊರಟೆ. ಧುಪದಾಳದವರೆಗೆ ಮೋಟಾರು, ಮುಂದೆ ಚಕ್ಕಡಿ. ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಕೈಯಲ್ಲಿ ಬಳೆಯಿರಲಿಲ್ಲ. ನಾನೂ ರಾಶಿಯ ಈಚೆ ಬದಿ ಕೂತು ಸುಲಿಯತೊಡಗಿದೆ. ಈ ಸಲ ಅವಳು ತಡೆಯಲಿಲ್ಲ.

"ನಿನ್ನ ಕರಕೊಂಡು ಹೋಗಾಕ ಬಂದೇನಿ ಬೇ. ಹೊರಸು ಮಾಡಿಸೇನಿ."

"ಹೊರಸು? ನಾ ಯಾವತ್ತ ಹೊರಸಿನ ಮ್ಯಾಲ ಮಲಗೇನಿ? ಉಳ್ಳಿ ಬಿದ್ರ ನೀ ನನ್ನ ದವಾಖಾನಿಗೆ ಹೊತ್ಕೊಂಡು ತಿರಗಬೇಕು."

"ಇಲ್ಲಿ ಯಾರ ಅದಾರ ನಿನಗ?"

"ಮಗ ಅದಾನ, ನಾ ಹಡದಿಲ್ಲ ಅಷ್ಟ. ಸೊಸಿ ಅದಾಳ, ದಿನಾ ಜಗಳಾ ಆಡ್ತೀವಿ. ಎರಡ ಎಮ್ಮಿ ಅದಾವ. ನೀ ಸಾಲಿಗೆ ಹೋದಮ್ಯಾಲ ಅಲ್ಲಿ ಯಾರ ಕೂಡ ಜಗಳಾ ಆಡ್ಲಿ? ಗ್ವಾಡಿ ಕೂಡ?"

ಒಳಗಿನಿಂದ ಸೊಸೆ ಕೂಗಿದಳು: "ಗ್ವಾಡಿನೂ ಸೋಲತೈತ್ರಿ ಅಕ್ಕಾರ, ಕರಕೊಂಡ ಹೋಗಬ್ಯಾಡ್ರಿ!"

ಅವ್ವ ನಕ್ಕಳು. ಅದೇ ಹಳೆಯ ನಗು. ಅದನ್ನು ಕೇಳಿ ನನ್ನ ಬಾಯಿಂದ ಮಾತು ಹೊರಬಿತ್ತು:

"ಯವ್ವಾ, ಅವತ್ತು ಮಾಮಾಗೋಳು ನಿನ್ನ ಜುಲಮೀಲೆ ಕಳಿಸಿದ್ರಲ್ಲ."

ಅವಳ ಕೈ ನಿಂತಿತು. "ಯಾರ ಹೇಳಿದ್ರು?"

"ಅತ್ತಿ."

ಇನ್ನೆರಡು ಕಾಯಿ ಒಡೆದಳು. "ಆಕಿ ಛಲೋ ಹೆಣ್ಮಗಳು. ಸಣ್ಣ ಕೂಸಿಗೆ ಮತ್ತೇನ್ ಹೇಳ್ಯಾಳು. ಯಾರೂ ಜುಲಮಿ ಮಾಡ್ಲಿಲ್ಲವ್ವಾ. ನಮ್ಮಣ್ಣ ಬ್ಯಾಡ ಅಂತನಽ ಅಂದಿದ್ದ. ನಾನಽ ಹೂಂ ಅಂದೆ."

"ಮೂರು ಸಲ?"

"ಮೊದಲನೇ ಸಲ ಸಣ್ಣ ದನೀಲೆ ಅಂದೆ. ನಿಮ್ಮಜ್ಜ ಕೇಳಸ್ಲಿಲ್ಲ ಅಂದ್ರು. ಕೇಳಸಿತ್ತು ಅವರಿಗೆ. ಇನ್ನೊಮ್ಮಿ ವಿಚಾರ ಮಾಡ್ಲಿ ಹುಡುಗಿ ಅಂತ ಹಂಗಂದ್ರು. ಮುಂದ ಎರಡೂ ಸಲ ಹಿತ್ತಲಕ್ಕ ಕೇಳುವಂಗ ಅಂದೆ."

"ನಾ ಹಿತ್ತಲದಾಗ ಇದ್ದೆ."

"ಗೊತ್ತಿತ್ತು."

"ನನ್ನ ಬಿಟ್ಟ ಹೋಗಬೇಕಾಗ್ತೈತಿ ಅನ್ನೂದು?"

"ಅದೂ ಗೊತ್ತಿತ್ತು. ಗೊತ್ತಿದ್ದಽ ಅಂದೆ." ಸುಲಿದ ಕಾಳನ್ನು ಮೊರಕ್ಕೆ ಹಾಕಿದಳು. "ನನಗ ಇಪ್ಪತ್ಮೂರು ವಯಸ್ಸು. ಈ ಮನ್ಯಾಂವ, ಎತ್ತ ಕೊಳ್ಳಾಕ ಬಂದಾವ, ನೀರ ಕೇಳಿದ. ಕುಡದು, ನಿಮ್ಮ ಬಾವಿ ನೀರ ಭಾಳ ಸಿಹಿ ಅದಾವ್ರಿ ಅಂದ. ಅಷ್ಟಽ. ಎರಡ ವರ್ಷದಾಗ ನನ್ನ ಕೂಡ ಯಾರೂ ಹಿಂಗ ಸುಮ್ಮ ಸುಮ್ಮನ ಒಂದ ಮಾತ ಆಡಿರಲಿಲ್ಲ."

"ಸಂಕಟ ಆಗ್ಲಿಲ್ಲ ನಿನಗ?"

"ಆತು. ಇನ್ನೂ ಆಗ್ತೈತಿ. ಅದಕ್ಕಂತ, ಮಂದಿ ನನ್ನ ನೂಕಿದ್ರು ಅನ್ನಾಕ ಬರೂದಿಲ್ಲ." ಮುಖ ಎತ್ತಿ ನೋಡಿದಳು. "ನೀ ಅತ್ತಿ ಮಗನ್ನ ಒಲ್ಲೆ ಅಂದಾಗ ನಿನ್ನ ಯಾರರ ನೂಕಿದ್ರೇನು?"

"ಇಲ್ಲ."

"ಮತ್ತ?"

 ಅಜ್ಜನ ಗೂಡಿನಲ್ಲಿದ್ದ ಪತ್ರಗಳ ಕಟ್ಟು ನೆನಪಾಯಿತು. ನನ್ನ 'ಒಲ್ಲೆ'ಯನ್ನು ಕಾಲೇಜಿನ ಗೆಳತಿಯರೆದುರು ಎಷ್ಟು ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅವಳ 'ಹೂಂ' ಅದಕ್ಕಿಂತ ಕಷ್ಟದ್ದು, ಅದು ನನ್ನ ಬುದ್ಧಿಗೆ ತಿಳಿಯುತ್ತದೆ. ಆದರೆ ಹಿತ್ತಲಲ್ಲಿ ಶೇಂಗಾ ತಿನ್ನುತ್ತಿದ್ದ ಹುಡುಗಿಗೆ ಅದನ್ನು ತಿಳಿಸಿ ಹೇಳಲು ನನಗೆ ಈಗಲೂ ಬರುವುದಿಲ್ಲ. ಇಷ್ಟು ವರ್ಷ ನಾನು ಪ್ರೀತಿಸಿದ್ದು ಅತ್ತಿ ಕಟ್ಟಿಕೊಟ್ಟ ಬಾಯಿಲ್ಲದ ಅವ್ವನನ್ನು. ಎದುರಿಗೆ ಕೂತಿದ್ದವಳ ಗುರುತು ಅಂದು ಮೊದಲ ಸಲ ಆಯಿತು, ಅವಳೂ ನನ್ನೊಡನೆ ಬರುವುದಿಲ್ಲ ಎಂದಳು.

ಹೊರಡುವಾಗ ಒಂದು ಗಂಟು ಶೇಂಗಾ ಕಟ್ಟಿಕೊಟ್ಟಳು. ಧುಪದಾಳದಲ್ಲಿ ಮೋಟಾರಿಗೆ ಎರಡು ತಾಸು ಕಾಯಬೇಕಾಯಿತು. ಒಡ್ಡಿನ ಮೇಲಿಂದ ಬೀಳುವ ನೀರಿನ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಸೀರೆ ಯಾವ ಬಣ್ಣದ್ದಿತ್ತು ಎಂದು ಕೇಳುವುದನ್ನು ಮರೆತೆನಲ್ಲ ಎಂದು ಅಲ್ಲಿ ಹೊಳೆಯಿತು.

ಗೋಕಾಕಕ್ಕೆ ಬಂದಾಗ ಮನೆಯೊಡತಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಹಿಂದೆ ನೋಡಿದಳು.

"ಅವ್ವಾರು ಬರ್ಲಿಲ್ಲೇನ್ರಿ?"

"ಇಲ್ರಿ."

"ಒಬ್ಬಾಕಿ ಮಗಳಲ್ರಿ ನೀವು, ಬರದಽ ಇರ್ತಾರ? ಆ ಮನ್ಯಾವ್ರು ಬಿಟ್ಟಿರಾಕಿಲ್ಲ ಬಿಡ್ರಿ, ಪಾಪ."

ಒಂದು ಕ್ಷಣ ಹೂಂ ಅಂದುಬಿಡೋಣ ಎನ್ನಿಸಿತು. ಆ ಸಮಾಧಾನವನ್ನು ಅವಳು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಿದ್ದಳು.

"ಯಾರೂ ತಡೀಲಿಲ್ರಿ," ಅಂದೆ. "ಆಕಿನಽ ಒಲ್ಲೆ ಅಂದ್ಲು."

ಕೀಲಿ ತೆಗೆದು ಒಳಗೆ ಹೋದೆ. ಶೇಂಗಾ ಗಂಟನ್ನು ಹೊರಸಿನ ಮೇಲೆ ಇಟ್ಟು, ಎಂದಿನಂತೆ ನೆಲಕ್ಕೆ ಚಾಪೆ ಹಾಸಿದೆ.