ಆಪಿನ ಮೇಲೆ ಇಳಿಯದ ಬೆಳ್ಳಕ್ಕಿ

ಅಫಜಲಪುರ ಸೀಮೆಯಲ್ಲಿ, ಸೊನ್ನದ ಕೆಳಗೆ, ಹಳ್ಳವೊಂದು ಭೀಮಾ ಹೊಳೆಗೆ ಸೇರುವ ಕಡೆ ಎತ್ತು ಹೂತುಹೋಗುವಂಥ ಕೆಸರು, ಆಳೆತ್ತರದ ಆಪಿನ ಹುಲ್ಲು. ಅಲ್ಲಿಯ ಹಕ್ಕಿಗಳನ್ನು ಎಣಿಸುವುದೇ ವಾಮನರಾಯನ ನೌಕರಿ. ಹಕ್ಕಿಗಳ ಅಭ್ಯಾಸ ಮಾಡುವ ಹೈದರಾಬಾದಿನ ಸಾಹೇಬರೊಬ್ಬರು ಅವನನ್ನು ನೇಮಿಸಿದ್ದರು. ಯಾವ ಜಾತಿ ಎಷ್ಟು, ಎಲ್ಲಿ ಗೂಡು ಕಟ್ಟಿದೆ ಎಂದು ವಾರಕ್ಕೆರಡು ಸಲ ನೋಡಿ, ಬರೆದು ಟಪಾಲಿಗೆ ಹಾಕಬೇಕು. ‘ಕೆಲಸವಿಲ್ಲದ ಬಡಿಗ ಮಗನ ಕುಂಡಿ ಕೆತ್ತಿದ’ ಎಂದು ಊರು ನಕ್ಕಿತು. ನಗಲಿ ಬಿಡಿ. ಹದಿನಾಲ್ಕು ವರ್ಷಗಳಲ್ಲಿ ಅವನು ಕಾಣದ ಹಕ್ಕಿಯನ್ನು ಕಂಡೆನೆಂದು ಒಮ್ಮೆಯೂ ಬರೆಯಲಿಲ್ಲ. ನಕ್ಕ ಊರೇ ಅವನ ಮಾತನ್ನು ಸಾಕ್ಷಿಯಂತೆ ನಂಬುತ್ತಿತ್ತು.

ಅವನನ್ನು ಹರಗೋಲಿನಲ್ಲಿ ಕರೆದೊಯ್ಯುತ್ತಿದ್ದವನು ಅಬ್ದುಲ್ ಗನಿ. ವಾಮನರಾಯನ ಮಡಿಯಿಂದಾಗಿ ಇಬ್ಬರೂ ಕೂಡಿ ಉಂಡವರಲ್ಲ. ಆದರೆ ಮಾತಿಗೆ ಮಡಿಯಿರಲಿಲ್ಲ. ಮನೆಯಲ್ಲಿ ಹೇಳದ್ದನ್ನೂ ನೀರಿನ ಮೇಲೆ ಹೇಳಿಕೊಳ್ಳುತ್ತಿದ್ದರು.

ಊರ ಗೌಡ ಗುರಣ್ಣ ಬಾತುಕೋಳಿಯ ಶಿಕಾರಿಗೆ ಬಂದಾಗ ವಾಮನರಾಯ ತನಗೆ ತಿಳಿದದ್ದನ್ನೆಲ್ಲ ಹುರುಪಿನಿಂದ ಹೇಳಿಕೊಡುತ್ತಿದ್ದ.

“ಹಕ್ಕಿ ಸುತ್ತಾಕ ಹತ್ತಿ ಇಳೀಲಿಲ್ಲಂದ್ರ ಕೆಳಗ ಏನೋ ಅದ ಅಂತ ತಿಳೀರಿ, ಗೌಡ್ರ.”

ನಲವತ್ತೆಂಟರ ಮಳೆಗಾಲದಲ್ಲಿ ನಿಜಾಮನ ಕಡೆಯ ರಜಾಕಾರರು ತುಂಬಿದ ಹಳ್ಳ ದಾಟಿ ಬಂದು ಗೌಡನ ನೆಲದೊಳಗಿನ ಹಗೇವಿನ ಜೋಳ ದೋಚಿದರು, ಅವನ ತಮ್ಮನನ್ನು ಕೊಂದರು. ದಾಟಿಸಿದ್ದು ಗನಿಯ ಹರಗೋಲು. ಎದೆಗೆ ಬಂದೂಕು ಹಿಡಿದಿದ್ದರು, ದಾಟಿಸಿದ. ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು. ತಪ್ಪು ಮಾಡಿದವರು ಓಡಿದರು, ಮಾಡದವರು ಊರಲ್ಲೇ ಉಳಿದರು. ಜನರ ಸಿಟ್ಟಿಗೆ ಸಿಕ್ಕಿದ್ದು ಈ ಉಳಿದವರೇ. ಎಂಥ ನ್ಯಾಯವೋ!

ವಾಮನರಾಯ ಗನಿಯ ಹೆಂಡತಿ ಮುಮತಾಜಳನ್ನೂ ಮಗಳನ್ನೂ ತನ್ನ ಮನೆಯೊಳಗೆ ಬಚ್ಚಿಟ್ಟ. ಮಡಿ ಗಿಡಿ ಎಂದು ಹೆಂಡತಿ ಸರಸ್ವತಿಬಾಯಿ ತುಟಿ ಬಿಚ್ಚಲಿಲ್ಲ. ಗನಿಯನ್ನು ಆಪಿನ ನಡುವಿನ ದಿಬ್ಬದ ಮೇಲೆ ಕೂರಿಸಿದ.

“ನಾಕ ದಿನ ಇಲ್ಲೇ ಇರು. ನಿನ್ನ ಕೂದಲಾ ಕೊಂಕಗೊಡಾಂಗಿಲ್ಲ.”

“ನೀವಿದ್ದಮ್ಯಾಲ ನನಗೇನು ಅಂಜಿಕಿ, ರಾಯರ?” ಎಂದ ಗನಿ.

ಮೂರನೆಯ ದಿನ ಹೊತ್ತಿಳಿಯುವಾಗ ಗೌಡ ಬಂದೂಕು ಹಿಡಿದು, ಆರು ಜನರೊಡನೆ ದಡಕ್ಕೆ ಬಂದ. ವಾಮನರಾಯನನ್ನೂ ಮನೆಯಿಂದ ಹೊರಡಿಸಿಕೊಂಡು ಬಂದಿದ್ದ. ಬೆಳ್ಳಕ್ಕಿಗಳು ಮಲಗಲು ಮರಳುವ ಹೊತ್ತು. ಎಲ್ಲ ಕಡೆಯೂ ಇಳಿದವು. ನಡುವಿನ ದಿಬ್ಬದ ಆಪಿನ ಮೆಳೆಯ ಮೇಲೆ ಮಾತ್ರ ಕಾಲು ಇಳಿಬಿಟ್ಟು, ಬೆದರಿ, ಮತ್ತೆ ಮೇಲೇಳುತ್ತಿದ್ದವು.

ಗೌಡ ಕೈ ತೋರಿಸಿದ. “ರಾಯರ, ಅಲ್ಲೇನದ್ರಿ?”

ಮೊಸಳೆ ಎಂದರೆ ಯಾರೂ ನೀರಿಗಿಳಿಯಲಾರರು ಎಂಬ ಉಪಾಯ ವಾಮನರಾಯನಿಗೆ ಹೊಳೆಯಿತು. ಹದಿನಾಲ್ಕು ವರ್ಷ ಕಾದಿಟ್ಟ ಬಾಯಿಂದ ಸುಳ್ಳು ಬಂತು.

“ಮೊಸಳಿ ಅದರಿ. ದೊಡ್ಡದು. ಅತ್ಲಾಗ ಹೋಗೂದು ಬ್ಯಾಡ್ರಿ.”

“ಖರೇನು?”

“ಖರೇರಿ.”

ಗೌಡ ಅವನ ಮುಖವನ್ನೇ ನೋಡಿದ. ನಂಬಿದವನ ನೋಟವಲ್ಲ ಅದು. ಆಮೇಲೆ ನಿಧಾನವಾಗಿ ಬಂದೂಕೆತ್ತಿ ಮೆಳೆಗೆ ಎರಡು ಗುಂಡು ಹಾರಿಸಿದ. ಜವುಗಿನ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಆ ಗದ್ದಲದೊಳಗಿಂದ “ರಾಯರ” ಎಂಬ ದನಿ ಒಮ್ಮೆ ಕೇಳಿತು. ಇನ್ನೊಮ್ಮೆ ಕೇಳಲಿಲ್ಲ.

“ನಾ ಮೊಸಳಿ ಹೊಡದೀನಿ,” ಎಂದ ಗೌಡ. “ನಾಳೆ ಫೌಜಿನವರು ಕೇಳಿದ್ರ, ಮೊಸಳಿ ಅಂದವ್ರು ನೀವ. ನೀವು ಸುಳ್ಳು ಹೇಳಾಂಗಿಲ್ಲಂತ ಊರಿಗೇ ಗೊತ್ತದ.”

ವಾಮನರಾಯ ಮನೆಗೆ ಮರಳಿದಾಗ ಹೊಸ್ತಿಲಲ್ಲಿ ಮುಮತಾಜ ನಿಂತಿದ್ದಳು. ಗುಂಡಿನ ಸಪ್ಪಳ ಊರಿಗೂ ಕೇಳಿತ್ತು.

“ಹೊಡದವ ಗೌಡ,” ಎಂದ ವಾಮನರಾಯ. “ಅಲ್ಲಿ ಮೊಸಳಿ ಅದ ಅಂದವ ನಾನು.”

ಅವಳು ಒಳಗೆ ಹೋಗಿ ಮಲಗಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಗೌಡನ ಜನ ಇನ್ನೂ ಓಣಿಯಲ್ಲೇ ಇದ್ದಾರೆಂದು ಸರಸ್ವತಿಬಾಯಿ ಸೆರಗು ಹಿಡಿದಳು. ಸೆರಗು ಬಿಡಿಸಿಕೊಂಡು ಮುಮತಾಜ ಓಣಿಗಿಳಿದಳು.